ಟ್ಯಾಂಕಿನೊಳಗಿನ ಮನುಷ್ಯ

(ಅಂತಿಮ ಬಿ.ಎ. ವಿದ್ಯಾರ್ಥಿ)

ನನ್ನ ದೊಡ್ಡಪ್ಪನ ಮಗ ನನಗಿಂತ ಏಳು ವರ್ಷ ಹಿರಿಯನು. ಪಿ.ಯು.ಸಿ. ಮುಗಿಸಿ ಸೈನ್ಯಕ್ಕೆ ಸೇರಿದನು. ತರಬೇತಿ ಮುಗಿದ ಮೇಲೆ ಮನೆಗೆ ಫೋನು ಮಾಡಿ, ತನ್ನನ್ನು ಟ್ಯಾಂಕಿನ ರೆಜಿಮೆಂಟಿಗೆ ಹಾಕಿದ್ದಾರೆಂದು ತಿಳಿಸಿದನು. ನಮ್ಮ ದೊಡ್ಡವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಓಣಿಯವರಿಗೆಲ್ಲ ಸಕ್ಕರೆ ಹಂಚುತ್ತ, "ನಮ್ಮ ಹುಡುಗಗ ಮಿಲಿಟರಿಯೊಳಗ ನೀರಿನ ಟ್ಯಾಂಕ್ ನೋಡ್ಕೊಳ್ಳೋ ಕೆಲಸ ಸಿಕ್ಕದ. ಬಿಸಲಾಗ ನಿಂದರೋದಿಲ್ಲ, ಗುಂಡು ಹಾರಸೋದಿಲ್ಲ" ಎಂದು ಹೇಳಿದಳು. ನಮ್ಮೂರಿನಲ್ಲಿ ಟ್ಯಾಂಕು ಎಂದರೆ ಶಾಲೆಯ ಹಿಂದೆ ನಾಲ್ಕು ಕಂಬದ ಮೇಲೆ ನಿಂತಿರುವ ನೀರಿನ ಟ್ಯಾಂಕು ಒಂದೇ. ನಾನು ಅಂದು ನಕ್ಕೆ. ಆಕೆಗೆ ತಿಳಿಯದ್ದು ನನಗೆ ತಿಳಿದಿದೆಯೆಂಬ ಜಂಬದಿಂದ ನಕ್ಕೆ.

ಈ ವರ್ಷ ನಮ್ಮ ಕಾಲೇಜಿನ ವಾಚನಾಲಯದಲ್ಲಿ ಕುಳಿತು ಟ್ಯಾಂಕಿನ ಚರಿತ್ರೆಯನ್ನು ಓದಿದಾಗ ನನ್ನ ನಗೆಗೆ ನಾನೇ ನಾಚಬೇಕಾಯಿತು. ಏಕೆಂದರೆ ದೊಡ್ಡವ್ವನ ಮಾತು ಪೂರ್ತಿ ತಪ್ಪಾಗಿರಲಿಲ್ಲ. 1915ರಲ್ಲಿ ಇಂಗ್ಲೆಂಡಿನಲ್ಲಿ ಈ ಯಂತ್ರವನ್ನು ರಹಸ್ಯವಾಗಿ ಕಟ್ಟುತ್ತಿದ್ದಾಗ, ಗುಟ್ಟು ಹೊರಬೀಳದಿರಲೆಂದು ಅದಕ್ಕೆ ನೀರಿನ ತೊಟ್ಟಿ ಎಂದೇ ಹೆಸರಿಟ್ಟರು. ಆ ಸುಳ್ಳು ಹೆಸರೇ ನಿಜವಾದ ಹೆಸರಾಗಿ ಉಳಿಯಿತು. ಇನ್ನೂ ಸೋಜಿಗವೆಂದರೆ, ಆ ಇಂಗ್ಲಿಷ್ ಮಾತು ನಮ್ಮ ದೇಶದ ಗುಜರಾತಿ, ಮರಾಠಿಗಳಿಂದಲೇ ಹೋಗಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ನಮ್ಮ ಕೆರೆಗಳನ್ನೆಲ್ಲ ಕಂದಾಯದ ಹಳೆಯ ಇಂಗ್ಲಿಷ್ ದಾಖಲೆಗಳು 'ಟ್ಯಾಂಕು' ಎಂದು ಕರೆದಿರುವುದು ನಮಗೆಲ್ಲ ತಿಳಿದೇ ಇದೆ. ಓದದ ಹೆಂಗಸಿನ ಮಾತಿನಲ್ಲಿ ಓದಿದವನಿಗೆ ಕಾಣದ ಸತ್ಯವಿರಬಹುದೆಂಬುದು ನನಗಾದ ಮೊದಲ ಪಾಠ. ಈ ಲೇಖನದಲ್ಲಿ ನಾನು ಹೇಳಹೊರಟಿರುವ ಮಾತೂ ಇದಕ್ಕೆ ಸಂಬಂಧಪಟ್ಟುದೇ ಆಗಿದೆ.

ಟ್ಯಾಂಕನ್ನು ನಮ್ಮ ಮನೆಯಲ್ಲಿ ಮೊದಲು ಕಂಡವರು ಮುತ್ಯಾ, ಅಂದರೆ ನನ್ನ ತಂದೆಯ ತಂದೆ. 1948ರ ಸೆಪ್ಟೆಂಬರಿನಲ್ಲಿ ಅವರು ಎಂಟು ವರ್ಷದ ಹುಡುಗ. ಗೌಡರ ಎಮ್ಮೆ ಕಾಯುತ್ತಿದ್ದರು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಕೈಕೆಳಗಿನ ಒಂದನೆಯ ಆರ್ಮರ್ಡ್ ಡಿವಿಜನ್ ಸೋಲಾಪುರದ ಕಡೆಯಿಂದ ನಿಜಾಮನ ಸೀಮೆಯನ್ನು ಹೊಕ್ಕು, ನಳದುರ್ಗ, ಉಮರಗಾ, ರಾಜೇಶ್ವರದ ದಾರಿಯಾಗಿ ಹೈದರಾಬಾದಿನ ಕಡೆಗೆ ನಡೆಯಿತು. ಆ ಹೆದ್ದಾರಿಯ ಪಕ್ಕದ ಹೊಲದಲ್ಲಿ ನಿಂತು ಮುತ್ಯಾ ನೋಡಿದರಂತೆ. "ಕಬ್ಬಿಣದ ಕ್ವಾಣ ಹೋದಂಗ ಹೋತು ನೋಡಪಾ. ಎತ್ತಿಲ್ಲ, ಕುದುರಿ ಇಲ್ಲ. ತನ್ನ ದಾರಿ ತಾನ ಹಾಸಗೋತ, ತಾನ ಸುತಗೋತ ಹೋಗತಿತ್ತು" ಎಂದು ಅವರು ನನ್ನ ಬಾಲ್ಯದಲ್ಲಿ ಎಷ್ಟೋ ಸಲ ಹೇಳಿದ್ದಾರೆ. ಟ್ಯಾಂಕಿನ ಸರಪಳಿ ಪಟ್ಟಿಯನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸಿದ ಪುಸ್ತಕವನ್ನು ನಾನು ಇನ್ನೂ ಕಂಡಿಲ್ಲ. ಆ ಪಟ್ಟಿಯೆಂದರೆ ಗಾಡಿಯೇ ಹೊತ್ತು ತಿರುಗುವ ರಸ್ತೆ. ಮುಂದೆ ಹಾಸುತ್ತದೆ, ಮೇಲೆ ನಡೆಯುತ್ತದೆ, ಹಿಂದೆ ಸುತ್ತಿಕೊಳ್ಳುತ್ತದೆ. ಆದುದರಿಂದಲೇ ಕೆಸರಾಗಲಿ, ಹಳ್ಳವಾಗಲಿ, ಉತ್ತ ಹೊಲವಾಗಲಿ ಅದಕ್ಕೆ ಅಡ್ಡಿಯಿಲ್ಲ. ಆ ಸೆಪ್ಟೆಂಬರಿನ ಹಿಂದೆಯೂ ಮುಂದೆಯೂ ನಮ್ಮ ಭಾಗದ ಎರಡೂ ಮತದ ಬಡವರು ಪಟ್ಟ ಪಾಡು ಬೇರೆಯೇ ಕಥೆ, ಅದನ್ನು ಮರೆಯತಕ್ಕದ್ದಲ್ಲ. ಇಲ್ಲಿ ನಾನು ಹೇಳಬೇಕಾದುದು ಆ ಕಬ್ಬಿಣದ ಕೋಣದ ಒಳಗಿದ್ದವರನ್ನು ಕುರಿತು.

ಟ್ಯಾಂಕು ಮೊದಲು ಯುದ್ಧಕ್ಕೆ ಇಳಿದುದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೊಮ್ ನದಿಯ ಪ್ರದೇಶದಲ್ಲಿ. ಅಂದು ತಂದಿದ್ದ ಸುಮಾರು ಐವತ್ತು ಟ್ಯಾಂಕುಗಳಲ್ಲಿ ಅನೇಕವು ರಣರಂಗವನ್ನು ಮುಟ್ಟುವ ಮೊದಲೇ ಕೆಟ್ಟು ನಿಂತವು. ಮರುವರ್ಷದ ನವೆಂಬರಿನಲ್ಲಿ ಕಾಂಬ್ರೆ ಎಂಬಲ್ಲಿ ನಾಲ್ಕುನೂರಕ್ಕೂ ಹೆಚ್ಚು ಟ್ಯಾಂಕುಗಳನ್ನು ಒಂದಾಗಿ, ಕಾಲಾಳುಗಳ ಜೊತೆಗೂಡಿಸಿ ನಡೆಸಿದಾಗ ಮಾತ್ರ ಅದರ ಬಲವೇನೆಂಬುದು ಜಗತ್ತಿಗೆ ತಿಳಿಯಿತು. ಒಂದೇ ವರ್ಷದಲ್ಲಿ ಉಕ್ಕೇನೂ ಅಷ್ಟಾಗಿ ಬದಲಾಗಿರಲಿಲ್ಲ. ಬದಲಾದುದು ಅದನ್ನು ನಡೆಸುವ ತಿಳಿವಳಿಕೆ. ಯಂತ್ರ ಹುಟ್ಟಿದ ಮಾತ್ರಕ್ಕೆ ಪಡೆ ಹುಟ್ಟುವುದಿಲ್ಲ. ಪಡೆ ಹುಟ್ಟುವುದು ಜನ ಕಲಿತಾಗ ಮತ್ತು ಆ ಕಲಿತ ಜನರನ್ನು ಒಂದು ಕ್ರಮದಲ್ಲಿ ನಿಲ್ಲಿಸಿದಾಗ.

ಇನ್ನು ನಮ್ಮ ದೇಶದ ಸಂಗತಿಗೆ ಬರೋಣ. ಭಾರತದ ಟ್ಯಾಂಕು ಪಡೆ ಹುಟ್ಟಿದುದು ಕುದುರೆಯ ಲಾಯದಲ್ಲಿ. ಹಿಂದಿನ ನಮ್ಮ ಅಶ್ವದಳಗಳಲ್ಲಿ ಬಹುಪಾಲು ಶಿಲೇದಾರಿ ಪದ್ಧತಿ ನಡೆಯುತ್ತಿದ್ದಿತು. ಸೇರುವವನು ತನ್ನ ಕುದುರೆಯನ್ನು ತಾನೇ ತರಬೇಕು, ಇಲ್ಲವೇ ಅದರ ಬೆಲೆಯನ್ನು ಕಟ್ಟಬೇಕು. ಬಟ್ಟೆ, ಜೀನು, ಕತ್ತಿ ಎಲ್ಲವೂ ಅವನದೇ. ಸರ್ಕಾರ ಬಂದೂಕನ್ನೂ ಸ್ವಲ್ಪ ಹೆಚ್ಚಿನ ಸಂಬಳವನ್ನೂ ಕೊಡುತ್ತಿದ್ದಿತು. ಆದುದರಿಂದ ಹೊಲಮನೆ ಇದ್ದ ಕುಳವಾಡಿಯ ಮಗನಿಗೆ ಮಾತ್ರ ಅಲ್ಲಿ ಪ್ರವೇಶ. ಕುದುರೆಯಿಲ್ಲದವನು ಇನ್ನೊಬ್ಬನ ಕುದುರೆಯನ್ನೇರಿ ಬಾರಗೀರನಾಗಬೇಕಿತ್ತು. ನಮ್ಮ ಕಡೆ ಸ್ವಂತ ಎತ್ತಿಲ್ಲದವನು ಪಾಲಿಗೆ ಉಳುತ್ತಿದ್ದಂತೆಯೇ ಸರಿ. ನಮ್ಮ ಮನೆಯವರು ಆ ಕಾಲದಲ್ಲಿ ಸೈನ್ಯದ ಬಾಗಿಲಿಗೆ ಹೋಗಿದ್ದರೂ ಒಳಗೆ ಹೋಗುತ್ತಿರಲಿಲ್ಲವೆಂಬುದು ನಿಶ್ಚಯ.

ಮೊದಲನೆಯ ಮಹಾಯುದ್ಧದ ನಂತರ ಶಿಲೇದಾರಿ ಅಳಿಯಿತು. ಮೂವತ್ತೊಂಬತ್ತು ಅಶ್ವದಳಗಳು ಇಪ್ಪತ್ತೊಂದಕ್ಕೆ ಇಳಿದವು. 1923ರಲ್ಲಿ ಬ್ರಿಟಿಷರು ಇಡೀ ಸೈನ್ಯದಲ್ಲಿ ಎಂಟು ದಳಗಳನ್ನು ಆರಿಸಿ ಅವುಗಳಲ್ಲಿ ಮಾತ್ರ ಭಾರತೀಯರು ಅಧಿಕಾರಿಗಳಾಗಬಹುದೆಂದರು. ಅವುಗಳಲ್ಲಿ ಅಶ್ವದಳಗಳು ಎರಡು: ಏಳನೆಯ ಲೈಟ್ ಕ್ಯಾವಲ್ರಿ ಮತ್ತು ಹದಿನಾರನೆಯ ಲೈಟ್ ಕ್ಯಾವಲ್ರಿ. ಬಾಗಿಲು ತೆರೆದುದು ಹೀಗೆ, ಸ್ವಲ್ಪ ಸ್ವಲ್ಪವಾಗಿ, ಮನಸ್ಸಿಲ್ಲದ ಮನಸ್ಸಿನಿಂದ.

1938ರ ಮೇ 1ರಂದು ಸಿಂಧ್ ಹಾರ್ಸ್ ಎಂಬ ದಳ ರಾವಳಪಿಂಡಿಯಲ್ಲಿ ಕುದುರೆಗಳನ್ನು ಬಿಟ್ಟುಕೊಟ್ಟು ಹಗುರ ಟ್ಯಾಂಕುಗಳನ್ನೂ ಕವಚದ ಕಾರುಗಳನ್ನೂ ಪಡೆಯಿತು. ಆ ದಿನವನ್ನೇ ಈಗಲೂ ಟ್ಯಾಂಕು ಪಡೆಯ ದಿನವೆಂದು ಆಚರಿಸುತ್ತಾರೆ. ಉಳಿದ ದಳಗಳೂ ಒಂದೊಂದಾಗಿ ಅದೇ ಹಾದಿ ಹಿಡಿದವು. 1941ರಲ್ಲಿ ಇವೆಲ್ಲ ಸೇರಿ ಇಂಡಿಯನ್ ಆರ್ಮರ್ಡ್ ಕೋರ್ ಎಂಬ ಒಂದೇ ಪಡೆಯಾಯಿತು. ತಲೆಮಾರುಗಳಿಂದ ಕುದುರೆಯ ಮೈ ತಿಕ್ಕಿ ಬೆಳೆದ ಸವಾರನು ಗೇರು, ಕಾರ್ಬುರೇಟರು, ರೇಡಿಯೋಗಳನ್ನು ಕಲಿಯಬೇಕಾಯಿತು. ಕೆಲವು ವರ್ಷಗಳಲ್ಲಿಯೇ ಅವರು ಕಲಿತರು ಕೂಡ. 1945ರಲ್ಲಿ ಬರ್ಮಾದ ಮೇಕ್ಟೀಲಾದಲ್ಲಿ ಷೆರ್ಮನ್ ಟ್ಯಾಂಕುಗಳನ್ನು ಗೆಲುವಿನತ್ತ ನಡೆಸಿದವರು ಇದೇ ಸವಾರರು. ಇಂದಿಗೂ ಟ್ಯಾಂಕಿನ ಸಾಮಾನ್ಯ ಸೈನಿಕನ ಹುದ್ದೆಯ ಹೆಸರು ಸವಾರ. ಅವನ ಮೇಲಿನವನು ದಫೇದಾರ. ಅವನ ಮೇಲೆ ರಿಸಾಲ್ದಾರ. ಕುದುರೆ ಹೋದರೂ ಕುದುರೆಯ ಕಾಲದ ಹೆಸರುಗಳು ಉಳಿದುಕೊಂಡಿವೆ.

ನಮ್ಮ ಮೈಸೂರು ಲ್ಯಾನ್ಸರ್ಸ್ ಮಾತ್ರ ಈ ದಾರಿಗೆ ಬರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಜೋಧಪುರದ ಸವಾರರೊಡನೆ ಗೆದ್ದ ಆ ದಳ 1953ರಲ್ಲಿ ಇತರ ಸಂಸ್ಥಾನಗಳ ಅಶ್ವದಳಗಳ ಜೊತೆಗೆ 61ನೆಯ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಭರ್ಜಿಯೇ ಅದರ ಕಥೆಯ ಕೊನೆಯಾಯಿತು.

1947ರಲ್ಲಿ ದೇಶ ಒಡೆದಂತೆ ಪಡೆಯೂ ಒಡೆಯಿತು. ಇದ್ದ ಹದಿನೆಂಟು ರೆಜಿಮೆಂಟುಗಳಲ್ಲಿ ಹನ್ನೆರಡು ನಮಗೆ, ಆರು ಪಾಕಿಸ್ತಾನಕ್ಕೆ. ಒಂದೇ ಲಾಯದಲ್ಲಿ ಉಂಡವರು ಸ್ಕ್ವಾಡ್ರನ್ ಸ್ಕ್ವಾಡ್ರನ್ನಾಗಿ ಬೇರೆಯಾದರು. ಮರುವರ್ಷವೇ ನಮ್ಮ ಪಡೆಗೆ ಎರಡು ಪರೀಕ್ಷೆಗಳು ಬಂದವು. ಒಂದು, ಮುತ್ಯಾ ಕಂಡ ಹೈದರಾಬಾದಿನದು. ಇನ್ನೊಂದು, ಹನ್ನೊಂದು ಸಾವಿರ ಅಡಿಗೂ ಮೇಲಿರುವ ಜೋಜಿ ಲಾ ಕಣಿವೆಯದು. ಲಡಾಖಿಗೆ ಹೋಗುವ ಆ ಬಾಗಿಲನ್ನು ಶತ್ರುಗಳು ಹಿಡಿದು ಕುಳಿತಿದ್ದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುವುದೆಂದು ಯಾರೂ ಕನಸಿನಲ್ಲಿಯೂ ಎಣಿಸಿರಲಿಲ್ಲ. ಏಳನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಬಿಚ್ಚಿ, ಮುಸುಕು ಹಾಕಿ, ಗುಟ್ಟಾಗಿ ಕಾಶ್ಮೀರದೊಳಕ್ಕೆ ತಂದರು. ಹೇಸರಗತ್ತೆಗಳ ಕಾಲುದಾರಿಯನ್ನು ಅಗೆದು ಅಗಲಿಸಿ ಟ್ಯಾಂಕಿನ ದಾರಿ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಡಿವಿಜನ್ನಿನ ದಂಡನಾಯಕರು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರು. 1948ರ ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು, ದಾರಿ ತೆರೆಯಿತು. ಈ ಗೆಲುವಿನ ಕೀರ್ತಿ ಟ್ಯಾಂಕಿಗೆ ಸಲ್ಲುವುದೋ, ಹಾರೆ ಗುದ್ದಲಿ ಹಿಡಿದವರಿಗೆ ಸಲ್ಲುವುದೋ? ಇಬ್ಬರಿಗೂ ಸಲ್ಲುವುದೆಂದೇ ನನ್ನ ಉತ್ತರ. ಆದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಹಾರೆ ಗುದ್ದಲಿಗಳಿಗೆ ಸ್ಥಳ ಕಡಮೆ.

ಪಡೆಯ ಏರ್ಪಾಡನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ಅಣ್ಣನ ಬಾಯಿಂದಲೇ ತಿಳಿದೆ. ಕಳೆದ ದೀಪಾವಳಿಗೆ ರಜೆಯ ಮೇಲೆ ಬಂದಾಗ ಅವನು ಅಂಗಳದಲ್ಲಿ ಕುಳಿತು ಜೋಳದ ಕಾಳುಗಳನ್ನು ಜೋಡಿಸಿ ತೋರಿಸಿದನು. ಮೂರು ಟ್ಯಾಂಕು ಸೇರಿದರೆ ಒಂದು ಟ್ರೂಪ್. ನಾಲ್ಕು ಟ್ರೂಪ್ ಮತ್ತು ಮುಖ್ಯನ ಎರಡು ಟ್ಯಾಂಕು ಸೇರಿದರೆ ಹದಿನಾಲ್ಕು ಟ್ಯಾಂಕುಗಳ ಒಂದು ಸ್ಕ್ವಾಡ್ರನ್. ಅಂಥ ಮೂರು ಸ್ಕ್ವಾಡ್ರನ್, ಕರ್ನಲರ ಕಡೆಯ ಮೂರು ಟ್ಯಾಂಕು ಸೇರಿದರೆ ನಲವತ್ತೈದು ಟ್ಯಾಂಕುಗಳ ಒಂದು ರೆಜಿಮೆಂಟು. ಇಂಥ ರೆಜಿಮೆಂಟುಗಳು ನಮ್ಮಲ್ಲಿ ಅರವತ್ತಕ್ಕೂ ಹೆಚ್ಚಿವೆ. ಕೆಲವು ರೆಜಿಮೆಂಟುಗಳಿಗೆ ಕಾಲಾಳುಗಳನ್ನು ಕೂಡಿಸಿದರೆ ಬ್ರಿಗೇಡು; ಬ್ರಿಗೇಡುಗಳಿಗೆ ತೋಪು, ಎಂಜಿನಿಯರರು, ಸಂಪರ್ಕದವರು ಸೇರಿದರೆ ಡಿವಿಜನ್. ಪಡೆಯವರೆಲ್ಲ ಕಲಿಯುವ ಗುರುಮನೆ ಮಹಾರಾಷ್ಟ್ರದ ಅಹಮದನಗರದಲ್ಲಿದೆ. ಆ ಊರಿಗೆ ಈಗ ಅಹಿಲ್ಯಾನಗರವೆಂದು ಹೆಸರು.

"ಒಂದು ಟಿ-72 ಒಳಗ ಮೂರೇ ಮಂದಿ ಇರ್ತೀವಿ ತಮ್ಮಾ" ಎಂದನು ಅಣ್ಣ. "ಮುಂದ ಡ್ರೈವರ್ ನಾನು. ಗನ್ನರ್ ಒಬ್ಬಾಂವ, ಕಮಾಂಡರ್ ಒಬ್ಬಾಂವ. ನನಗ ಹೊರಗಿಂದು ಕಾಣೋದು ಗೇಣುದ್ದ ಕಿಂಡಿಯೊಳಗ. ಗನ್ನರ್‌ಗ ಕಾಣೋದು ನನಗ ಕಾಣೋದಿಲ್ಲ. ಒಬ್ಬನ ಕಣ್ಣು ಇನ್ನೊಬ್ಬನ ಕಿವಿಯೊಳಗ ಇರಬೇಕು." ಆ ಯಂತ್ರದಲ್ಲಿ ಗುಂಡನ್ನು ತುಂಬುವ ಕೆಲಸವನ್ನು ಯಂತ್ರವೇ ಮಾಡುವುದರಿಂದ ಮೂವರು ಸಾಕು. ನಮ್ಮವರೇ ರೂಪಿಸಿದ ಅರ್ಜುನ್ ಟ್ಯಾಂಕಿಗೆ ನಾಲ್ವರು ಬೇಕು. ಅವನು ಮಾತಾಡುತ್ತ ಹೋದಂತೆ ನಾನು ಸುಮ್ಮನೆ ಕೇಳುತ್ತ ಕುಳಿತೆ. ನಲವತ್ತೊಂದು ಟನ್ ತೂಕ ಕೆಸರಿನಲ್ಲಿ ಹೂತಾಗ ಪಟ್ಟಿಯನ್ನು ಎಷ್ಟು ಬಿಗಿಯಬೇಕು, ಮರುಭೂಮಿಯ ಧೂಳಿನಲ್ಲಿ ಗಾಳಿಯ ಶೋಧಕವನ್ನು ಎಷ್ಟು ಸಲ ತೊಳೆಯಬೇಕು, ಎಂಜಿನ್ನಿನ ಸದ್ದು ಬದಲಾದರೆ ಯಾವ ಭಾಗ ಸೋತಿದೆಯೆಂದು ಹೇಗೆ ತಿಳಿಯಬೇಕು — ಎಲ್ಲವೂ ಅವನಿಗೆ ನಾಲಿಗೆಯ ತುದಿಯಲ್ಲಿತ್ತು. ಮನೆಯಲ್ಲಿ ನನ್ನನ್ನು 'ಓದಿದಾಂವ' ಎನ್ನುತ್ತಾರೆ. ಅವನನ್ನು 'ಓದು ಹತ್ತಲಿಲ್ಲ, ಮಿಲಿಟರಿಗೆ ಹೋದ' ಎನ್ನುತ್ತಾರೆ. ಅಂದು ನನಗೆ ಈ ಮಾತು ಮುಳ್ಳಿನಂತೆ ಚುಚ್ಚಿತು.

ಪ್ರತಿ ರೆಜಿಮೆಂಟಿನ ಜೊತೆಗೂ ದುರಸ್ತಿಯ ಮೆಕ್ಯಾನಿಕರ ಒಂದು ತುಕಡಿ ಇರುತ್ತದೆ. ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರಲು ಬೇರೆ ಕವಚ ವಾಹನವೇ ಇದೆ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಕೆ.ಜಿ.ಎಫ್.ನಲ್ಲಿ ಬಿ.ಇ.ಎಂ.ಎಲ್. ಕಾರ್ಖಾನೆ ಅಂಥ ವಾಹನಗಳನ್ನು ಕಟ್ಟಿದೆ. ಟ್ಯಾಂಕುಗಳನ್ನೇ ಕಟ್ಟುವ ಕಾರ್ಖಾನೆ ಮದ್ರಾಸಿನ ಬಳಿಯ ಆವಡಿಯಲ್ಲಿದೆ. ಅಲ್ಲಿಂದ 1965ರಲ್ಲಿ ಮೊದಲ ವಿಜಯಂತ ಹೊರಬಂದಿತು. ಅದರ ನಕ್ಷೆ ಇಂಗ್ಲೆಂಡಿನದು. ನಮ್ಮದೇ ನಕ್ಷೆಯ ಅರ್ಜುನ್ ಟ್ಯಾಂಕಿಗೆ ಅನುಮತಿ ದೊರೆತುದು 1974ರಲ್ಲಿ. ಸೈನ್ಯಕ್ಕೆ ಮೊದಲ ಟ್ಯಾಂಕುಗಳು ಸಂದುದು 2004ರಲ್ಲಿ. ಮೂವತ್ತು ವರ್ಷ! ಕೆಲವರು ಇದನ್ನು ಹೇಳಿ ನಗುತ್ತಾರೆ. ವಿಳಂಬಕ್ಕೆ ತಪ್ಪುಗಳೂ ಕಾರಣವಾಗಿರಬಹುದು. ಆದರೆ ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಯಂತ್ರವನ್ನು ದುಡ್ಡು ಕೊಟ್ಟು ಒಂದು ದಿನದಲ್ಲಿ ಕೊಳ್ಳಬಹುದು. ತಿಳಿವಳಿಕೆಯನ್ನು ಮಾತ್ರ ಬೆಳೆಯಿಸಬೇಕು, ಅದಕ್ಕೆ ತಲೆಮಾರು ಬೇಕು. ನನ್ನ ಮನೆತನದಲ್ಲಿ ಒಬ್ಬನು ಬಿ.ಎ.ವರೆಗೆ ಬರಲು ಮೂರು ತಲೆಮಾರು ಬೇಕಾಯಿತಷ್ಟೆ.

ಯಂತ್ರ ದೊಡ್ಡದೋ ಮನುಷ್ಯ ದೊಡ್ಡವನೋ ಎಂಬ ವಾದವನ್ನು 1965ರ ಯುದ್ಧ ತೀರ್ಮಾನಿಸಿತೆಂದು ನಾನು ತಿಳಿಯುತ್ತೇನೆ. ಅಂದು ಪಾಕಿಸ್ತಾನದ ಕೈಯಲ್ಲಿ ಅಮೆರಿಕದ ಪ್ಯಾಟನ್ ಟ್ಯಾಂಕುಗಳಿದ್ದವು. ಆ ಕಾಲಕ್ಕೆ ಅವು ಬಹು ಹೊಸವು. ಗುರಿ ಲೆಕ್ಕ ಹಾಕುವ ಸೂಕ್ಷ್ಮ ಉಪಕರಣಗಳಿದ್ದಂಥವು. ನಮ್ಮಲ್ಲಿ ಇದ್ದವು ಬ್ರಿಟಿಷರ ಸೆಂಚೂರಿಯನ್, ಎರಡನೆಯ ಮಹಾಯುದ್ಧದ ಹಳೆಯ ಷೆರ್ಮನ್, ಫ್ರಾನ್ಸಿನ ಹಗುರ ಎ.ಎಂ.ಎಕ್ಸ್. ಪಂಜಾಬಿನ ಅಸಲ್ ಉತ್ತರ್ ಎಂಬ ಊರಿನ ಬಳಿ ನಮ್ಮವರು ಕುದುರೆಯ ಲಾಳದ ಆಕಾರದಲ್ಲಿ ಟ್ಯಾಂಕುಗಳನ್ನು ಕಬ್ಬಿನ ಗದ್ದೆಗಳಲ್ಲಿ ಅಡಗಿಸಿಟ್ಟರು. ಕಾಲುವೆಯ ನೀರನ್ನು ಹೊಲಗಳಿಗೆ ಬಿಟ್ಟರು. ಸೆಪ್ಟೆಂಬರ್ 8ರಿಂದ 10ರವರೆಗೆ ನಡೆದ ಕಾಳಗದಲ್ಲಿ ಪ್ಯಾಟನ್ನುಗಳು ಕೆಸರಿನಲ್ಲಿ ಹೂತವು. ನಮ್ಮ ಲೆಕ್ಕದ ಪ್ರಕಾರ ತೊಂಬತ್ತಕ್ಕೂ ಹೆಚ್ಚು ಟ್ಯಾಂಕುಗಳನ್ನು ಶತ್ರುಗಳು ಅಲ್ಲಿ ಕಳೆದುಕೊಂಡರು. ಗ್ರೆನೇಡಿಯರ್ಸ್ ದಳದ ಹವಾಲ್ದಾರ್ ಅಬ್ದುಲ್ ಹಮೀದರು ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದು ಮಡಿದು, ಪರಮವೀರ ಚಕ್ರಕ್ಕೆ ಪಾತ್ರರಾದುದು ಇಲ್ಲಿಯೇ. ಆದರೆ ಸತ್ಯವನ್ನು ಪೂರ್ತಿ ಹೇಳಬೇಕು: ಅದೇ ಯುದ್ಧದಲ್ಲಿ ಸಿಯಾಲ್‌ಕೋಟೆಯ ಕಡೆ ನಮ್ಮ ಒಂದನೆಯ ಆರ್ಮರ್ಡ್ ಡಿವಿಜನ್ ಫಿಲ್ಲೋರಾವನ್ನು ಗೆದ್ದಿತು, ಆದರೆ ಚಾವಿಂಡಾವನ್ನು ಹಿಡಿಯಲಾರದೆ ಹೋಯಿತು. ಉಕ್ಕು ತಾನಾಗಿ ಗೆಲ್ಲುವುದಿಲ್ಲವೆಂಬ ನಿಯಮ ಇಬ್ಬರಿಗೂ ಒಂದೇ.

ಆ ರಂಗದಲ್ಲಿ ಸೆಪ್ಟೆಂಬರ್ 16ರಂದು ಮಡಿದ ಪೂನಾ ಹಾರ್ಸ್ ರೆಜಿಮೆಂಟಿನ ನಾಯಕ ಲೆಫ್ಟಿನೆಂಟ್ ಕರ್ನಲ್ ಎ.ಬಿ. ತಾರಾಪೋರ್ ಅವರ ಜೀವನವನ್ನು ನಮ್ಮ ಕಡೆಯ ವಿದ್ಯಾರ್ಥಿಗಳು ವಿಶೇಷವಾಗಿ ತಿಳಿಯಬೇಕು. ಅವರು ಪಾರಸಿಗಳು. ಮೊದಲು ಸೇವೆ ಸಲ್ಲಿಸಿದುದು ನಿಜಾಮನ ಹೈದರಾಬಾದ್ ಸಂಸ್ಥಾನದ ಸೈನ್ಯದಲ್ಲಿ. ಯಾವ ಸಂಸ್ಥಾನದ ಮೇಲೆ 1948ರಲ್ಲಿ ಭಾರತದ ಟ್ಯಾಂಕುಗಳು ನಡೆದು ಬಂದವೋ, ಅದೇ ಸಂಸ್ಥಾನದ ಸೈನ್ಯದ ಅಧಿಕಾರಿ ಹದಿನೇಳು ವರ್ಷಗಳ ಅನಂತರ ಭಾರತದ ಟ್ಯಾಂಕುಗಳನ್ನು ನಡೆಸಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದರು. ಎಲ್ಲಿಂದ ಬಂದೆ ಎಂದು ಟ್ಯಾಂಕು ಕೇಳುವುದಿಲ್ಲ. ಏನು ಬಲ್ಲೆ ಎಂದು ಮಾತ್ರ ಕೇಳುತ್ತದೆ.

ಅದೇ ರೆಜಿಮೆಂಟಿನ ಅರುಣ್ ಖೇತರ್‌ಪಾಲ್ 1971ರ ಡಿಸೆಂಬರ್ 16ರಂದು ಬಸಂತರ್ ನದಿಯ ಬಳಿ ಮಡಿದಾಗ ಅವರ ವಯಸ್ಸು ಇಪ್ಪತ್ತೊಂದು. ಅಂದರೆ, ಮಿತ್ರರೇ, ನಮ್ಮದೇ ವಯಸ್ಸು. ಟ್ಯಾಂಕಿಗೆ ಬೆಂಕಿ ಹತ್ತಿದರೂ, ಬಿಟ್ಟು ಬರಲು ಆಜ್ಞೆಯಾದರೂ, ತೋಪು ಇನ್ನೂ ಕೆಲಸ ಮಾಡುತ್ತಿದೆಯೆಂದು ಅವರು ಅಲ್ಲಿಯೇ ನಿಂತರು. ಆ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಆ ಟ್ಯಾಂಕಿನಲ್ಲಿ ಅವರೊಬ್ಬರೇ ಇರಲಿಲ್ಲವೆಂಬುದನ್ನು ಎಷ್ಟು ಜನ ಬಲ್ಲರು? ಚಾಲಕ ಪ್ರಯಾಗ್ ಸಿಂಗ್, ಗನ್ನರ್ ನಾಥೂ ಸಿಂಗ್, ರೇಡಿಯೋ ನೋಡಿಕೊಳ್ಳುತ್ತಿದ್ದ ನಂದ್ ಸಿಂಗ್, ಈ ಮೂವರೂ ಅದರೊಳಗಿದ್ದರು. ನಂದ್ ಸಿಂಗ್ ಅದೇ ಕಾಳಗದಲ್ಲಿ ಪ್ರಾಣ ತೆತ್ತರು. ಇವರನ್ನು ಹೆಸರಿಸುವುದರಿಂದ ಖೇತರ್‌ಪಾಲರ ಕೀರ್ತಿ ಕುಂದುವುದಿಲ್ಲ. ಅವರ ಕೆಲಸ ಹೇಗೆ ಸಾಧ್ಯವಾಯಿತೆಂಬುದು ತಿಳಿಯುತ್ತದೆ, ಅಷ್ಟೆ.

ಇಲ್ಲಿ ನನ್ನ ಸಹಪಾಠಿಗಳು ಒಂದು ಆಕ್ಷೇಪಣೆಯನ್ನು ಎತ್ತುವುದುಂಟು. "ಟ್ಯಾಂಕಿನ ಕಾಲ ಮುಗಿಯಿತು. 2022ರಲ್ಲಿ ಆರಂಭವಾದ ಉಕ್ರೇನ್ ಯುದ್ಧದಲ್ಲಿ ಅಗ್ಗದ ಡ್ರೋನು ಕೋಟಿಗಟ್ಟಲೆ ಬೆಲೆಯ ಟ್ಯಾಂಕನ್ನು ಸುಟ್ಟುಹಾಕುವುದನ್ನು ಫೋನಿನಲ್ಲಿಯೇ ನೋಡಿದ್ದೇವೆ. ಮುಗಿದ ಕಾಲದ ಚರಿತ್ರೆ ನಮಗೇಕೆ?" ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಇದೇ ಮಾತನ್ನು 1973ರಲ್ಲಿಯೂ ಆಡಿದ್ದರು. ಆಗ ಸಿನಾಯಿ ಮರುಭೂಮಿಯಲ್ಲಿ ಈಜಿಪ್ಟಿನ ಕಾಲಾಳುಗಳು ಸಣ್ಣ ಕ್ಷಿಪಣಿಗಳಿಂದ ಇಸ್ರೇಲಿನ ಟ್ಯಾಂಕುಗಳನ್ನು ಹೊಡೆದಿದ್ದರು. ಒಂಟಿಯಾಗಿ ಹೋದ ಟ್ಯಾಂಕು ಸಾಯುತ್ತದೆ. ಕಾಲಾಳು, ತೋಪು, ಎಂಜಿನಿಯರುಗಳ ಜೊತೆಗೂಡಿ ಹೋದುದು ಬಾಳುತ್ತದೆ. ಇದು ಅಂದಿನ ಪಾಠ, ಇಂದಿನದೂ ಕೂಡ. ಒಂದು ವೇಳೆ ಟ್ಯಾಂಕು ನಿಜವಾಗಿಯೂ ಕುದುರೆಯ ಹಾದಿಯನ್ನೇ ಹಿಡಿದರೂ ನನ್ನ ವಾದ ಬೀಳುವುದಿಲ್ಲ. ಕುದುರೆ ಹೋದಾಗ ಸವಾರ ಉಳಿದನು. ಏಕೆಂದರೆ ಅವನು ಕಲಿಯಬಲ್ಲವನಾಗಿದ್ದನು.

ಈ ಚರಿತ್ರೆಯಿಂದ ನನಗೆ ತೋರಿದ ಎರಡು ಅಭಿಪ್ರಾಯಗಳನ್ನು ವಿನಯದಿಂದ ಮುಂದಿಡುತ್ತೇನೆ.

ಮೊದಲನೆಯದು: ಕುದುರೆಯನ್ನು ತಂದವನಿಗೆ ಮಾತ್ರ ಪ್ರವೇಶವೆಂಬ ನಿಯಮ ಹೋಗಿ ನೂರು ವರ್ಷವಾಯಿತು. ಆದರೂ ಹಳೆಯ ರೆಜಿಮೆಂಟುಗಳಲ್ಲಿ ಈ ಸ್ಕ್ವಾಡ್ರನ್ ಈ ಜಾತಿಗೆ, ಆ ಸ್ಕ್ವಾಡ್ರನ್ ಆ ಪ್ರಾಂತಕ್ಕೆ ಎಂಬ ಬ್ರಿಟಿಷರ ಕಾಲದ ಹಂಚಿಕೆ ಸ್ವಾತಂತ್ರ್ಯಾನಂತರವೂ ಬಹುಕಾಲ ನಡೆದುಬಂದಿತು. ಒ‌ಂದೇ ಭಾಷೆ, ಒಂದೇ ಊಟ ಇದ್ದರೆ ಒಗ್ಗಟ್ಟು ಹೆಚ್ಚು ಎಂದು ಅದರ ಪರವಾಗಿ ಹೇಳುತ್ತಾರೆ. ಆದರೆ ಅಣ್ಣನ ರೆಜಿಮೆಂಟು ಎಲ್ಲ ವರ್ಗದವರದು. ಅವನ ಗನ್ನರ್ ಬಿಹಾರದವನು, ಕಮಾಂಡರ್ ಪಂಜಾಬಿನವನು. ಕಿವಿಯಲ್ಲಿ ಕೇಳಿಸುವ ಹಿಂದಿಯ ಹತ್ತಿಪ್ಪತ್ತು ಮಾತುಗಳಲ್ಲಿ ಅವರ ಬಾಳೇ ನಿಂತಿದೆ. ಹುಟ್ಟಿದ ಒಗ್ಗಟ್ಟಿಗಿಂತ ಕಲಿತ ಒಗ್ಗಟ್ಟು ಗಟ್ಟಿ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? 2022ರ ಜೂನಿನಲ್ಲಿ ಘೋಷಿಸಿದ ಅಗ್ನಿಪಥ ಯೋಜನೆಯಲ್ಲಿ ಭರ್ತಿ ಇನ್ನು ಮುಂದೆ ಸರ್ವ ಭಾರತ, ಸರ್ವ ವರ್ಗದ ಆಧಾರದ ಮೇಲೆ ಎಂದು ಸಾರಿದುದನ್ನು ನಾನು ತುಂಬುಹೃದಯದಿಂದ ಸ್ವಾಗತಿಸುತ್ತೇನೆ.

ಎರಡನೆಯದು ಅದೇ ಯೋಜನೆಯ ಇನ್ನೊಂದು ಮುಖ. ಅದರ ಪ್ರಕಾರ ಸೇವೆ ನಾಲ್ಕು ವರ್ಷ. ತರಬೇತಿಯೂ ಅದರಲ್ಲಿಯೇ ಸೇರಿದೆ. ಆಮೇಲೆ ನೂರಕ್ಕೆ ಇಪ್ಪತ್ತೈದರವರೆಗೆ ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳುಹಿಸುವುದೆಂದು ಘೋಷಣೆಯಾಯಿತು. ಸೈನ್ಯ ತರುಣವಾಗಿರಬೇಕು, ಪಿಂಚಣಿಯ ಹೊರೆ ಇಳಿಯಬೇಕು ಎಂಬ ಕಾರಣಗಳನ್ನು ನಾನು ಅಲ್ಲಗಳೆಯಲಾರೆ. ಆದರೆ ಟ್ಯಾಂಕು ಪಡೆಗೆ ಇದೇ ಅಳತೆ ಹೊಂದುವುದೇ? ಖೇತರ್‌ಪಾಲರು 1967ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದವರು 1971ರ ಜೂನಿನಲ್ಲಿ ಅಧಿಕಾರಿಯಾದರು. ಅಧಿಕಾರಿಯಾಗಿ ಸಿದ್ಧವಾಗುವುದಕ್ಕೇ ನಾಲ್ಕು ವರ್ಷ ಬೇಕಾಯಿತು. ಹಾಗಿರುವಾಗ ಚಾಲಕನೂ ಗನ್ನರನೂ ಕಲಿತು, ಪಳಗಿ, ಇನ್ನೊಬ್ಬನಿಗೆ ಕಲಿಸಿ ಮನೆಗೆ ಹೋಗುವುದು ಅಷ್ಟರಲ್ಲಿಯೇ ಹೇಗಾದೀತು? "ಎಂಜಿನ್ ಮಾತು ನನಗ ತಿಳಿಯಾಕ ಮೂರು ವರ್ಷ ಹಿಡಿತು" ಎಂದು ಅಣ್ಣನೇ ಹೇಳುತ್ತಾನೆ. ಕಾಲಾಳಿಗೆ ಒಂದು ಅಳತೆ, ಯಂತ್ರದವನಿಗೆ ಇನ್ನೊಂದು ಅಳತೆ ಇರುವುದೇ ನ್ಯಾಯ. ಟ್ಯಾಂಕು ಪಡೆ, ದುರಸ್ತಿಯ ದಳಗಳಂಥವುಗಳಲ್ಲಿ ಉಳಿಸಿಕೊಳ್ಳುವವರ ಪ್ರಮಾಣ ಬಹಳ ಹೆಚ್ಚಾಗಬೇಕು. ಸೇವೆಯ ಅವಧಿ ಬೆಳೆಯಬೇಕು. ಉಕ್ಕಿಗೆ ಕೋಟಿಗಟ್ಟಲೆ ಕೊಟ್ಟು ಅದನ್ನು ಬಲ್ಲ ಕೈಗಳನ್ನು ಅಗ್ಗವಾಗಿ ಎಣಿಸುವುದು ಲೆಕ್ಕದ ಜಾಣತನವೆನಿಸೀತು, ಚರಿತ್ರೆಯ ಜಾಣತನವಲ್ಲ.

ಈ ಮಾತು ನನಗೆ ಬರಿಯ ಚರ್ಚಾಸ್ಪರ್ಧೆಯ ವಿಷಯವಲ್ಲ. ನನ್ನ ತಮ್ಮನಿಗೆ ಈಗ ಹದಿನೆಂಟು ವರ್ಷ. ದಿನವೂ ನಸುಕಿನಲ್ಲಿ ಎದ್ದು ಹೆದ್ದಾರಿಯ ಬದಿಗೆ ಓಡುತ್ತಾನೆ, ಮುತ್ಯಾ ಟ್ಯಾಂಕು ಕಂಡ ಅದೇ ಹೆದ್ದಾರಿ. "ನೀ ಬಿ.ಎ. ಮುಗಿಸಿ ಏನ್ ಮಾಡತಿ ಹೇಳಣ್ಣಾ? ನಾ ಅಗ್ನಿವೀರ ಆಗ್ತೀನಿ" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹೋಗಬೇಡವೆನ್ನಲು ನನಗೆ ಬಾಯಿಯಿಲ್ಲ, ಹೋಗೆನ್ನಲು ಧೈರ್ಯವಿಲ್ಲ. ಇಪ್ಪತ್ತೆರಡಕ್ಕೆ ಅವನು ತಿರುಗಿ ಬಂದರೆ ಕಲಿತ ವಿದ್ಯೆಯನ್ನು ಎಲ್ಲಿ ಇಡುವನು? ನಮ್ಮ ತಾಲ್ಲೂಕಿನಲ್ಲಿ ಟ್ಯಾಂಕಿಲ್ಲ. ಇರುವುದು ನೀರಿನ ಟ್ಯಾಂಕು ಒಂದೇ.

ಕಡೆಯದಾಗಿ ನನ್ನ ಸಹಪಾಠಿಗಳಿಗೂ ಪೂಜ್ಯ ಗುರುಗಳಿಗೂ ಒಂದು ಬಿನ್ನಹ. ಇತಿಹಾಸದ ತರಗತಿಯಲ್ಲಿ ಕದನಗಳ ಇಸವಿಗಳನ್ನೂ ದಂಡನಾಯಕರ ಹೆಸರುಗಳನ್ನೂ ನಾವು ಬಾಯಿಪಾಠ ಮಾಡಿದ್ದೇವೆ. ದಾರಿ ಅಗೆದವರು, ಗುಂಡು ತುಂಬಿದವರು, ಕೆಟ್ಟುದನ್ನು ಎಳೆದು ತಂದವರು ಆ ಪುಟಗಳಲ್ಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ನಿವೃತ್ತ ಸೈನಿಕರು ಹಲವರಿದ್ದಾರೆ. ವರ್ಷಕ್ಕೊಮ್ಮೆ ಅವರಲ್ಲೊಬ್ಬರನ್ನು ನಮ್ಮ ಇತಿಹಾಸ ಸಂಘಕ್ಕೆ ಕರೆದು, ಭಾಷಣ ಬೇಡ, ತಮ್ಮ ಕೆಲಸವನ್ನು ಹೇಗೆ ಮಾಡುತ್ತಿದ್ದರೆಂಬುದನ್ನು ಮಾತ್ರ ಹೇಳಿಸಿದರೆ ಅದು ಒಂದು ಪಾಠಕ್ಕೆ ಸಮನಾದೀತು. ಬರೆದುಕೊಳ್ಳುವ ಕೆಲಸವನ್ನು ನಾವು ಮಾಡೋಣ. ಅಷ್ಟಾದರೂ ಉಪಯೋಗ ನಮ್ಮ ಬಿ.ಎ.ಗೆ ಬರಲಿ.

ದೊಡ್ಡವ್ವನಿಗೆ ಅಣ್ಣ ತನ್ನ ಟ್ಯಾಂಕಿನ ಪಟವನ್ನು ತೋರಿಸಿದ್ದಾನೆ. ಆಕೆ ಬಹಳ ಹೊತ್ತು ನೋಡಿ, "ಇದರಾಗ ನೀ ಎಲ್ಲಿ ಕುಂದರತಿ?" ಎಂದು ಕೇಳಿದಳಂತೆ. ಟ್ಯಾಂಕನ್ನು ನೋಡಿ ಯಾರೇ ಆಗಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂದು ನಾನು ಈಗ ತಿಳಿದಿದ್ದೇನೆ.